ಔಷಧಿಗೆ ಒಣಶುಂಠಿ: ಕೊಂಬು, ಪುಡಿ, ಗುಳಿಗೆ, ಟೀ ಚೀಲ, ತೈಲಗಳ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮದ್ದಿಗೆಂದು ಒಣಶುಂಠಿ ಕೊಳ್ಳುವುದಾದರೆ ಸುಣ್ಣ ಹಚ್ಚದ ಇಡೀ ಕೊಂಬನ್ನೇ ಕೊಳ್ಳಿ. ಆರೆಂಟು ವಾರಕ್ಕೆ ಆಗುವಷ್ಟನ್ನು ಮಾತ್ರ ಒಮ್ಮೆಗೆ ಪುಡಿ ಮಾಡಿಕೊಳ್ಳಿ. ಅಳತೆ ತಪ್ಪಬಾರದು ಎನ್ನುವ ಕಡೆ, ಮುಖ್ಯವಾಗಿ ಪ್ರಯಾಣದ ವಾಕರಿಕೆಗೆ, ಗುಳಿಗೆ (ಕ್ಯಾಪ್ಸೂಲ್) ಒಳ್ಳೆಯದು. ಸಿದ್ಧ ಪುಡಿಯ ಪ್ಯಾಕೆಟ್ ಅಡುಗೆಗೆ ಧಾರಾಳವಾಗಿ ನಡೆಯುತ್ತದೆ. ಮದ್ದಿಗೆ ಅರೆಮನಸ್ಸಿನಿಂದ ಒಪ್ಪಬಹುದು. ಟೀ ಚೀಲದಿಂದ ಬಿಸಿನೀರಿಗೆ ಪರಿಮಳ ಬರುತ್ತದೆ, ಹೆಚ್ಚಿನದೇನನ್ನೂ ಅದರಿಂದ ನಿರೀಕ್ಷಿಸಬೇಡಿ. ಶುಂಠಿಯ ಸುಗಂಧ ತೈಲವನ್ನು ಅಜೀರ್ಣದ ಮದ್ದೆಂದು ಮಾರುವುದಂತೂ ಗ್ರಾಹಕರ ದಾರಿ ತಪ್ಪಿಸುವ ಕೆಲಸ.

ಈ ಐದೂ ಒಂದೇ ಬೇರಿನಿಂದ ಬಂದವು. ಆದರೂ ಇಷ್ಟು ವ್ಯತ್ಯಾಸ ಏಕೆಂದು ತಿಳಿಯಲು ಕೊಂಬಿನೊಳಗೆ ಏನೇನಿದೆ ಎಂದು ಸ್ವಲ್ಪ ನೋಡಬೇಕು. ಒಣಶುಂಠಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಪಿಷ್ಟ. ಉಳಿದದ್ದರಲ್ಲಿ ನಾರು, ತೇವ, ಖನಿಜಗಳು. ಮದ್ದಿನ ಕೆಲಸ ಮಾಡುವ ಪಾಲು ತೀರಾ ಸಣ್ಣದು, ಅದೂ ಎರಡು ಬಗೆಯದು. ಒಂದು, ಮೂಗಿಗೆ ಬಡಿಯುವ ಹಾರುವ ಎಣ್ಣೆ. ಶೇಕಡಾ 1ರಿಂದ 3ರವರೆಗೆ ಇರುತ್ತದೆ. ಔಷಧಿಗೆ ಬಳಸುವ ಶುಂಠಿಯಲ್ಲಿ ಇದು ಕೆ.ಜಿ.ಗೆ 15 ಮಿ.ಲೀ.ಗಿಂತ ಕಡಿಮೆ ಇರಬಾರದು ಎಂದು ಔಷಧಿಗಳ ಗುಣಮಟ್ಟ ನಿಗದಿ ಮಾಡುವ ಯುರೋಪಿನ ಔಷಧಕೋಶ (ಫಾರ್ಮಕೋಪಿಯಾ) ಹೇಳುತ್ತದೆ. ಇನ್ನೊಂದು, ನಾಲಿಗೆಗೆ ತಾಗುವ ಖಾರದ ಅಂಶ. ಹಸಿಶುಂಠಿಯಲ್ಲಿ ಇದು ಬಹುಪಾಲು ಜಿಂಜೆರಾಲ್ ರೂಪದಲ್ಲಿರುತ್ತದೆ. ಒಣಗುವಾಗ, ಕಾಯುವಾಗ ಜಿಂಜೆರಾಲ್‌ನ ಒಂದು ಭಾಗ ನೀರಿನ ಅಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ. ಶೋಗಾಲ್‌ನ ಖಾರ ಜಿಂಜೆರಾಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು.

ಹಸಿಶುಂಠಿಯನ್ನೂ ಒಣಶುಂಠಿಯನ್ನೂ ಹಳೆಯ ವೈದ್ಯಪದ್ಧತಿಗಳು ಬೇರೆ ಬೇರೆ ಮದ್ದೆಂದೇ ಎಣಿಸಿದ್ದು ಸುಮ್ಮನೆ ಅಲ್ಲ. ಆಯುರ್ವೇದದಲ್ಲಿ ಹಸಿಯದು ಆರ್ದ್ರಕ, ಒಣಗಿದ್ದು ಶುಂಠಿ ಅಥವಾ ನಾಗರ. ಎರಡರ ಗುಣಗಳನ್ನೂ ಬೇರೆಯಾಗಿಯೇ ಹೇಳಲಾಗಿದೆ: ಆರ್ದ್ರಕ ಗುರು (ಜೀರ್ಣಕ್ಕೆ ಭಾರ), ರೂಕ್ಷ (ಒಣಗುಣದ್ದು); ಶುಂಠಿ ಲಘು (ಹಗುರ), ಸ್ನಿಗ್ಧ (ಜಿಡ್ಡುಗುಣದ್ದು). ಖಾರದ ಪದಾರ್ಥಗಳು ಸಾಮಾನ್ಯವಾಗಿ ಜೀರ್ಣವಾದ ಮೇಲೂ ಕಟುವಾಗಿಯೇ ಉಳಿಯುತ್ತವೆ ಎನ್ನುವ ಲೆಕ್ಕದಲ್ಲಿ ಶುಂಠಿಗೆ ವಿನಾಯಿತಿ ಇದೆ, ಅದರ ವಿಪಾಕ, ಅಂದರೆ ಜೀರ್ಣವಾದ ಮೇಲಿನ ರಸ, ಮಧುರ. ಚೀನೀ ವೈದ್ಯದಲ್ಲಿಯೂ ಹಸಿಯದು ಶೆಂಗ್ ಜಿಯಾಂಗ್. ಚಳಿ ಹಿಡಿದ ನೆಗಡಿಗೆ, ವಾಂತಿಗೆ. ಒಣಗಿದ್ದು ಗಾನ್ ಜಿಯಾಂಗ್. ಹೊಟ್ಟೆಯಲ್ಲಿ ತಂಪು ಕೂತು ಭೇದಿ, ನೋವು ಬಂದಾಗ. ಯುನಾನಿಯವರು ಜಂಜಬೀಲ್ ಎಂದು ಕರೆದು ಜೀರ್ಣಕ್ಕೆ ಕೊಡುವ ಲೇಹಗಳಲ್ಲಿ ಸೇರಿಸುತ್ತಾರೆ. ಹೀಗಾಗಿ ಯಾವುದೋ ಯೋಗದಲ್ಲಿ (ಔಷಧಿಯ ಮಿಶ್ರಣದಲ್ಲಿ) ಒಣಶುಂಠಿ ಎಂದಿದ್ದರೆ ಅದರ ಐದು ಪಟ್ಟು ತೂಕದ ಹಸಿಶುಂಠಿ ಹಾಕಿ ಸರಿದೂಗಿಸುತ್ತೇವೆ ಎನ್ನುವುದು ತೂಕದ ಮಟ್ಟಿಗೆ ಮಾತ್ರ ಸರಿ. ಹಸಿಶುಂಠಿಯಲ್ಲಿ ಶೇಕಡಾ 80ರಷ್ಟು ನೀರಿರುವುದರಿಂದ ಐದು ಕೆ.ಜಿ. ಒಣಗಿ ಸುಮಾರು ಒಂದು ಕೆ.ಜಿ. ಆಗುತ್ತದೆ, ನಿಜ. ಗುಣ ಮಾತ್ರ ಅದೇ ಉಳಿಯುವುದಿಲ್ಲ.

ಇಡೀ ಕೊಂಬು

ಅಂಗಡಿಯಲ್ಲಿ ಸಿಗುವ ಕೊಂಬು ಎರಡು ತರ. ಒಂದು ಬೆಳ್ಳಗೆ, ಮೇಲೆ ಪುಡಿ ಪೂಸಿದಂತೆ ಇರುವುದು. ಇನ್ನೊಂದು ಮಾಸಲು ಕಂದು, ಸುಕ್ಕುಸುಕ್ಕು, ಅಲ್ಲಲ್ಲಿ ಸಿಪ್ಪೆ ಉಳಿದದ್ದು. ಬಹಳ ಜನ ಬಿಳಿಯದನ್ನು ಶುದ್ಧವೆಂದು ಎತ್ತಿಕೊಳ್ಳುತ್ತಾರೆ. ಆ ಬಿಳುಪು ಸುಣ್ಣದ್ದು. ಸಿಪ್ಪೆ ಹೆರೆದ ಶುಂಠಿಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಒಣಗಿಸುತ್ತಾರೆ. ಬಣ್ಣ ತಿಳಿಯಾಗುತ್ತದೆ, ಹುಳ ಸ್ವಲ್ಪ ದೂರ ಇರುತ್ತದೆ. ಸುಣ್ಣ ವಿಷವೇನಲ್ಲ. ತೊಂದರೆ ಇರುವುದು ಬೇರೆ ಕಡೆ: ಹಳೆಯ, ಕಲೆಬಿದ್ದ, ಬೂಷ್ಟು ಒರೆಸಿದ ಕೊಂಬಿಗೂ ಸುಣ್ಣ ಅದೇ ಹೊಳಪು ಕೊಡುತ್ತದೆ. ನೀವು ಕೊಂಬಿನ ಚರ್ಮ ನೋಡಿ ವಯಸ್ಸು ಅಂದಾಜು ಮಾಡುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಅನುಮಾನವಿದ್ದರೆ ಕೊಂಬಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ಸುಣ್ಣ ಗಾಳಿಗೆ ಕಾರ್ಬೊನೇಟ್ ಆಗಿ ಕೂತಿರುವುದರಿಂದ ಸಣ್ಣಗೆ ನೊರೆಗುಳ್ಳೆ ಏಳುತ್ತದೆ. ಸುಣ್ಣವಿಲ್ಲದ ಕೊಂಬು ಸುಮ್ಮನೆ ಒದ್ದೆಯಾಗುತ್ತದೆ.

ಬಿಳುಪಿಗೆ ಇನ್ನೊಂದು ಅಡ್ಡದಾರಿ ಗಂಧಕದ ಹೊಗೆ. ಹಾಗೆ ಮಾಡಿದ ಕೊಂಬು ಒಂದೇ ಸಮನೆ ತಿಳಿಹಳದಿ ಇರುತ್ತದೆ, ಡಬ್ಬಿ ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆಯ ಛಾಯೆ ಮೂಗಿಗೆ ತಾಗುತ್ತದೆ. ಆಸ್ತಮಾ ಇರುವವರಿಗೆ ಗಂಧಕದ ಉಳಿಕೆ ಉಬ್ಬಸ ಎಬ್ಬಿಸಬಹುದು. ಕೆಮ್ಮಿಗೆಂದು ಕೊಂಡ ಮದ್ದೇ ಕೆಮ್ಮು ತರುವುದು ಬೇಡ, ಇಂಥದ್ದನ್ನು ಹಿಂದಿರುಗಿಸಿ.

ಒಳ್ಳೆಯ ಕೊಂಬಿನ ಲಕ್ಷಣ ಕೈಗೆ, ಕಿವಿಗೆ, ಮೂಗಿಗೆ ಸಿಗುತ್ತದೆ. ಗಾತ್ರಕ್ಕೆ ತಕ್ಕ ತೂಕ ಇರಬೇಕು. ಎರಡು ಕೊಂಬು ಬಡಿದರೆ ಕಟಕಟ ಎನ್ನಬೇಕು. ಮುರಿದಾಗ ರಬ್ಬರಿನ ಹಾಗೆ ಬಾಗದೆ ಲಟಕ್ಕನೆ ತುಂಡಾಗಬೇಕು. ಮುರಿದ ಮುಖದಲ್ಲಿ ಗಿಡ್ಡ ನಾರುಗಳು ಕಾಣಬೇಕು, ಬಣ್ಣ ತಿಳಿಹಳದಿಯಿಂದ ಕಂದುಹಳದಿ ಇರಬೇಕು. ಬಾಗಿದರೆ ತೇವ ಉಳಿದಿದೆ ಎಂದರ್ಥ. ಶೇಕಡಾ 12ರ ಮೇಲೆ ತೇವವಿದ್ದರೆ ಬೂಷ್ಟು ಹಿಡಿಯುವುದು ಬರೀ ಹೊತ್ತಿನ ಮಾತು. ಮುರಿದ ಮುಖದಲ್ಲಿ ಬೂದುಹಸಿರು ಅಥವಾ ಕಪ್ಪು ಗೆರೆ ಕಂಡರೆ, ಮುಗ್ಗಲು ವಾಸನೆ ಬಂದರೆ ಅದನ್ನು ತೊಳೆದು ಒಣಗಿಸಿ ಬಳಸುವ ಗೋಜಿಗೆ ಹೋಗಬೇಡಿ. ಬೂಷ್ಟಿನ ವಿಷ ಕೊಂಬಿನ ಒಳಗೆ ಇಳಿದಿರುತ್ತದೆ, ಬಿಸಿಲಿಗಾಗಲಿ ಕುದಿಸಿದರಾಗಲಿ ಹೋಗುವುದಿಲ್ಲ. ಸೂಜಿ ಚುಚ್ಚಿದಂಥ ತೂತು, ಚೀಲದ ತಳದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಹುಳ ಒಳಗೆ ಮನೆ ಮಾಡಿದೆ. ತಂಬಾಕಿಗೂ ಮಸಾಲೆಗೂ ಬೀಳುವ ಅದೇ ಪುಟ್ಟ ಕಂದು ಜೀರುಂಡೆ ಶುಂಠಿಯನ್ನೂ ಕೊರೆಯುತ್ತದೆ. ಖಾರ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸಿಪ್ಪೆಯ ವಿಷಯದಲ್ಲಿ ನಮ್ಮ ಒಲವು ಅರೆಸಿಪ್ಪೆಯ ಕಡೆಗೆ. ಎಣ್ಣೆಯ ಕೋಶಗಳು ಸಿಪ್ಪೆಯ ಕೆಳಗೇ ಒತ್ತೊತ್ತಾಗಿ ಇರುತ್ತವೆ. ನೋಡಲು ಚಂದವಿರಲಿ ಎಂದು ಆಳವಾಗಿ ಹೆರೆದ ಕೊಂಬು ಆ ಪದರವನ್ನೇ ಕಳೆದುಕೊಂಡಿರುತ್ತದೆ. ಚಪ್ಪಟೆ ಮುಖಗಳಲ್ಲಿ ಮಾತ್ರ ಮೇಲುಮೇಲಕ್ಕೆ ಹೆರೆದು, ಬೆರಳುಗಳ ಸಂದಿನಲ್ಲಿ ಸಿಪ್ಪೆ ಬಿಟ್ಟದ್ದು ಎಲ್ಲಕ್ಕಿಂತ ಮೇಲು. ಸಿಪ್ಪೆ ಪೂರ್ತಿ ಉಳಿದದ್ದಾದರೆ ಸಂದಿನ ಮಣ್ಣು ಜೊತೆಗೆ ಬರುತ್ತದೆ, ಪುಡಿ ಹಲ್ಲಿಗೆ ಕರಕರ ಸಿಗುತ್ತದೆ. ಹಾಗೆಂದು ನೀರಿನಲ್ಲಿ ನೆನೆಸಬೇಡಿ. ಒದ್ದೆ ಬಟ್ಟೆಯಿಂದ ಉಜ್ಜಿ, ಒಂದು ಬಿಸಿಲು ಕಾಣಿಸಿದರೆ ಸಾಕು.

ಸಣಕಲು, ಚಕ್ಕೆ ಮಾಡಿ ಒಣಗಿಸಿದ ಶುಂಠಿಯೂ ಸಿಗುತ್ತದೆ. ಬೇಗ ಒಣಗುವುದರಿಂದ ಬೂಷ್ಟಿನ ಭಯ ಕಡಿಮೆ. ಆದರೆ ಕೊಯ್ದ ಮುಖ ಹೆಚ್ಚಾದಷ್ಟೂ ಎಣ್ಣೆ ಹಾರುವ ದಾರಿ ಹೆಚ್ಚು. ಕಷಾಯಕ್ಕೆ ಅನುಕೂಲ, ದಾಸ್ತಾನಿಗೆ ಅಲ್ಲ.

ಪುಡಿ ಮಾಡುವ ಬಗೆ

ಕೊಂಬನ್ನು ಹಾಗೇ ಮಿಕ್ಸಿಗೆ ಹಾಕಿದರೆ ಬ್ಲೇಡು ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ಜಾರಿನ ತಳ ಬಿರಿಯುತ್ತದೆ. ಮೊದಲು ಕೊಂಬನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಾಣಿಯಲ್ಲಿ ಕಡಲೆಕಾಳಿನ ಗಾತ್ರಕ್ಕೆ ಒಡೆಯಿರಿ. ಒಡೆದದ್ದನ್ನು ಬಿಸಿಲಿನಲ್ಲಿ ಒಂದೆರಡು ಗಂಟೆ ಇಟ್ಟರೆ ನಾರು ಗರಿಗರಿಯಾಗುತ್ತದೆ. ಬಾಣಲೆಯಲ್ಲಿ ಹುರಿಯುವ ಅಭ್ಯಾಸ ಕೆಲವರಿಗಿದೆ. ಘಮ ಏಳುವುದನ್ನು ಕಂಡು ಹದವಾಯಿತು ಎಂದುಕೊಳ್ಳುತ್ತಾರೆ. ಮನೆ ತುಂಬ ಹರಡಿದ ಆ ಘಮ ಪುಡಿಯಿಂದ ಹೊರಟುಹೋದ ಎಣ್ಣೆ. ಭೇದಿಗೆ ಕೊಡುವ ಕೆಲವು ಯೋಗಗಳಲ್ಲಿ ಹುರಿದ ಶುಂಠಿಯನ್ನೇ ಕೇಳುತ್ತಾರೆ, ಅದು ಬೇರೆ ಲೆಕ್ಕ. ಉಳಿದ ಎಲ್ಲ ಕಡೆ ಹುರಿಯಬೇಡಿ.

ಅರೆಯುವಾಗ ಹತ್ತು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಜಾರನ್ನು ಅಲುಗಿಸಿ, ಮತ್ತೆ ಹತ್ತು ಸೆಕೆಂಡ್. ಒಂದೇ ಸಮ ಎರಡು ನಿಮಿಷ ಓಡಿಸಿದರೆ ಜಾರು ಕೈಗೆ ಬಿಸಿ ತಾಗುತ್ತದೆ, ಮುಚ್ಚಳದ ಒಳಗೆ ತೇವ ಕಟ್ಟಿ ಪುಡಿ ಗಂಟಾಗುತ್ತದೆ. ಪ್ರತಿ ಸುತ್ತಿನ ನಂತರ ನುಣುಪಾದದ್ದನ್ನು ಜರಡಿ ಹಿಡಿದು ತೆಗೆದಿಡಿ. ಹಾಗೇ ನುಂಗುವ ಚೂರ್ಣಕ್ಕೆ ಅಂಗುಲಕ್ಕೆ 80 ಕಣ್ಣಿನ ಜರಡಿ ಬೇಕು, ಅಂದರೆ ಪ್ರತಿ ಕಣ್ಣಿನ ಅಗಲ ಸುಮಾರು 180 ಮೈಕ್ರಾನ್. ಅಡುಗೆಮನೆಯ ಹಿಟ್ಟಿನ ಜರಡಿ ಇದಕ್ಕಿಂತ ದಪ್ಪ. ಅದರಲ್ಲಿ ಇಳಿದ ಪುಡಿಯನ್ನು ನುಂಗಿದರೆ ನಾರು ಗಂಟಲಿಗೆ ಚುಚ್ಚಿ ಕೆಮ್ಮು ಬರುತ್ತದೆ. ತೆಳು ಹತ್ತಿಬಟ್ಟೆಯಲ್ಲಿ ಗಾಳಿಸಿದರೆ ಸರಿಹೋಗುತ್ತದೆ. ಕೊನೆಗೆ ಜರಡಿಯಲ್ಲಿ ಉಳಿಯುವ ನಾರಿನ ತರಿಯನ್ನು ಎಸೆಯಬೇಡಿ, ಕಷಾಯಕ್ಕೆ ಅದೇ ಬೇಕು.

ಹಳೆಯ ಆಯುರ್ವೇದ ಗ್ರಂಥಗಳು ಚೂರ್ಣಕ್ಕೆ ಕೊಟ್ಟ ಆಯಸ್ಸು ಎರಡು ತಿಂಗಳು. ಅದಾದ ಮೇಲೆ ಹೀನವೀರ್ಯ, ಅಂದರೆ ಶಕ್ತಿ ಕುಂದಿದ್ದು. ಇಂದಿನ ಗಾಳಿಯಾಡದ ಡಬ್ಬಿಗಳನ್ನು ಲೆಕ್ಕಕ್ಕೆ ಹಿಡಿದರೂ ನಾವು ಮೂರು ತಿಂಗಳಿಗಿಂತ ಮುಂದೆ ಹೋಗುವುದಿಲ್ಲ. ಗಾಜಿನ ಸಣ್ಣ ಬಾಟಲಿ, ಕುತ್ತಿಗೆಯವರೆಗೆ ತುಂಬಿದ್ದು, ಬಿಗಿ ಮುಚ್ಚಳ, ಕತ್ತಲೆಯ ಕಪಾಟು. ಒಲೆಯ ಪಕ್ಕದ ಗೂಡು ಕೈಗೆ ಸುಲಭ, ಪುಡಿಗೆ ಕೇಡು. ಫ್ರಿಜ್ಜಿನಲ್ಲಿ ಇಟ್ಟರೆ ಪ್ರತಿ ಸಲ ತೆರೆದಾಗ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ, ಎರಡು ವಾರದಲ್ಲಿ ಹೆಪ್ಪು. ಇಡೀ ಕೊಂಬಾದರೆ ಬಿಗಿ ಡಬ್ಬಿಯಲ್ಲಿ ಒಂದು ವರ್ಷ ನಿಶ್ಚಿಂತೆಯಿಂದ ಇಡಬಹುದು.

ಸಿದ್ಧ ಪುಡಿಯ ಪ್ಯಾಕೆಟ್

ಎರಡು ತಿಂಗಳ ಲೆಕ್ಕವನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಒಂದು, ಎರಡು ವರ್ಷದ ಅವಧಿಯ ಪಕ್ಕ ಇಟ್ಟು ನೋಡಿ. ಅವಧಿಯೊಳಗೆ ಪುಡಿ ಕೆಡುವುದಿಲ್ಲ, ತಿನ್ನಲು ಅಪಾಯವಿಲ್ಲ ಎಂದು ತಯಾರಕರು ಹೇಳುವುದರಲ್ಲಿ ಸುಳ್ಳಿಲ್ಲ. ಮದ್ದಿನ ಶಕ್ತಿ ಅಷ್ಟು ದಿನ ಉಳಿಯುತ್ತದೆ ಎನ್ನುವ ಭರವಸೆಯನ್ನು ಅವರು ಕೊಟ್ಟಿಲ್ಲ, ಕೊಂಡವರೇ ಅದನ್ನು ಊಹಿಸಿಕೊಂಡಿರುತ್ತಾರೆ. ಪ್ಯಾಕ್ ಮಾಡಿದ ದಿನಾಂಕ ಇರುತ್ತದೆ, ಅರೆದ ದಿನಾಂಕ ಇರುವುದಿಲ್ಲ. ದೊಡ್ಡ ಗೋಣಿಗಳಲ್ಲಿ ಅರೆದು ಇಟ್ಟು, ಬೇಡಿಕೆ ಬಂದಂತೆ ಪ್ಯಾಕ್ ಮಾಡುವ ವ್ಯವಹಾರದಲ್ಲಿ ಈ ಎರಡರ ನಡುವೆ ಎಷ್ಟು ತಿಂಗಳು ಬೇಕಾದರೂ ಇರಬಹುದು. ಈ ಒಂದು ಕಾರಣಕ್ಕೇ ಇದನ್ನು ಮದ್ದಿಗೆ ಅರೆಮನಸ್ಸಿನಿಂದ ಒಪ್ಪಿದ್ದು.

ಕಲಬೆರಕೆಯೂ ಇದೆ, ಆದರೆ ಜನ ಹುಡುಕುವ ಕಡೆ ಇರುವುದಿಲ್ಲ. ಶುಂಠಿ ಪುಡಿಗೆ ಅಯೋಡಿನ್ ಹನಿ ಬಿಟ್ಟು ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ ಎಂದು ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ಶುಂಠಿಯಲ್ಲೇ ಅರ್ಧದಷ್ಟು ಪಿಷ್ಟ ಇರುವಾಗ ಅಪ್ಪಟ ಶುಂಠಿಯೂ ನೀಲಿಯಾಗಲೇಬೇಕು. ನೀರಿಗೆ ಹಾಕಿದಾಗ ಬಗ್ಗಡವಾಗುವುದೂ ಅದೇ ಪಿಷ್ಟದಿಂದ. ಈ ಎರಡು ಪರೀಕ್ಷೆಗಳನ್ನು ಮರೆತುಬಿಡಿ.

ನಿಜವಾದ ಮೋಸ ಸಾರ ತೆಗೆದ ಚರಟ. ತೈಲಕ್ಕೋ ಓಲಿಯೊರೆಸಿನ್ ಎಂಬ ಅಂಟುಸಾರಕ್ಕೋ ಹಿಂಡಿ ಬಿಟ್ಟ ಶುಂಠಿ ಒಣಗಿದ ಮೇಲೆ ಬಣ್ಣದಲ್ಲಿ, ನಾರಿನಲ್ಲಿ ಶುಂಠಿಯ ಹಾಗೇ ಇರುತ್ತದೆ, ಸೂಕ್ಷ್ಮದರ್ಶಕದ ಕೆಳಗೂ ಶುಂಠಿಯೇ. ಒಳ್ಳೆಯ ಪುಡಿಗೆ ಇದನ್ನು ಬೆರೆಸಿ, ಕಳೆದ ಖಾರ ತುಂಬಲು ಚಿಟಿಕೆ ಮೆಣಸಿನಕಾಯಿ ಪುಡಿ ಸೇರಿಸುವುದು ಹಳೆಯ ವಿದ್ಯೆ. ಪ್ರಯೋಗಾಲಯದಲ್ಲಿ ಇದನ್ನು ಹಿಡಿಯಲು ಸಾರವನ್ನು ಶೇಕಡಾ 2ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸುತ್ತಾರೆ. ಜಿಂಜೆರಾಲ್‌ನ ಖಾರ ಸಾಯುತ್ತದೆ, ಮೆಣಸಿನಕಾಯಿಯದು ಉಳಿಯುತ್ತದೆ. ಮನೆಯಲ್ಲಿ ನಾಲಿಗೆಯೇ ಗತಿ. ಕಾಲು ಚಮಚೆ ಪುಡಿಯನ್ನು ನಾಲಿಗೆಯ ಮೇಲಿಟ್ಟು ಚಪ್ಪರಿಸಿ. ಮೊದಲು ನಿಂಬೆ, ಕರ್ಪೂರ ಎರಡನ್ನೂ ನೆನಪಿಸುವ ಘಮ, ಆಮೇಲೆ ಬಾಯಿ ತುಂಬ ಬಿಸಿ, ಎರಡು ಮೂರು ನಿಮಿಷದಲ್ಲಿ ಇಳಿಯಬೇಕು. ಘಮವಿಲ್ಲದೆ ಬರೀ ಉರಿ ಬಂದು, ತುಟಿ, ಗಂಟಲಿನಲ್ಲಿ ಹತ್ತು ನಿಮಿಷ ಕೂತರೆ ಅದು ಶುಂಠಿಯ ಖಾರವಾಗಿರಲಾರದು. ಘಮವೂ ಇಲ್ಲ, ಉರಿಯೂ ಇಲ್ಲ ಎಂದರೆ ಚರಟ ಅಥವಾ ಮುದಿ ಪುಡಿ. ಎರಡರಲ್ಲಿ ಯಾವುದಾದರೂ ಮದ್ದಿಗೆ ಬಾರದು.

ಪ್ಯಾಕೆಟ್ಟನ್ನೇ ಕೊಳ್ಳಬೇಕಾದ ಅನಿವಾರ್ಯ ಇದ್ದರೆ ಚಿಕ್ಕದನ್ನು ಕೊಳ್ಳಿ. ಪಾರದರ್ಶಕ ಪ್ಲಾಸ್ಟಿಕ್ ಬೇಡ, ಒಳಗೆ ಬೆಳ್ಳಿಹಾಳೆ ಇರುವ ಚೀಲ ಇರಲಿ. ಹೊರಗಿನಿಂದಲೇ ಘಮ ಬರುತ್ತಿದ್ದರೆ ಆ ಚೀಲ ಎಣ್ಣೆಯನ್ನು ಹಿಡಿದಿಡುತ್ತಿಲ್ಲ.

ಗುಳಿಗೆ

ನುಣುಪಾಗಿ ಅರೆದ ಶುಂಠಿಯನ್ನೇ ತುಂಬಿದ 500 ಮಿ.ಗ್ರಾಂ. ಗುಳಿಗೆಗಳ ಬಗ್ಗೆ ನಮ್ಮ ತಕರಾರು ಕಡಿಮೆ. ಅಳತೆ ಖಚಿತ, ಕೋಶದೊಳಗೆ ಮುಚ್ಚಿರುವುದರಿಂದ ಎಣ್ಣೆ ಹಾರುವುದು ನಿಧಾನ, ವಾಕರಿಕೆ ಬರುತ್ತಿರುವವರಿಗೆ ಖಾರದ ಪುಡಿ ನುಂಗುವ ಕಷ್ಟ ತಪ್ಪುತ್ತದೆ. ಪ್ರಯಾಣದ ವಾಕರಿಕೆಗೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲು 1 ಗ್ರಾಂ, ಅಂದರೆ ಎರಡು ಗುಳಿಗೆ. ಗಾಡಿ ಹತ್ತಿ, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ತೀರಾ ಕಡಿಮೆ. ಗುಳಿಗೆ ಕೆಲಸ ಮಾಡಲಿಲ್ಲ ಎಂದು ದೂರುವವರು ಮೊದಲು ತಾವು ನುಂಗಿದ ಹೊತ್ತನ್ನು ನೋಡಿಕೊಳ್ಳುವುದು ಒಳ್ಳೆಯದು.

ಗೊಂದಲ ಇರುವುದು ಸಾರದ ಗುಳಿಗೆಗಳಲ್ಲಿ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 2500 ಮಿ.ಗ್ರಾಂ. ಎಂದಿರುತ್ತದೆ, ಹಿಂಬದಿಯಲ್ಲಿ, 250 ಮಿ.ಗ್ರಾಂ. ಸಾರ, 10ಕ್ಕೆ 1ರಂತೆ 2500 ಮಿ.ಗ್ರಾಂ. ಬೇರಿಗೆ ಸಮ, ಎಂದು ಸಣ್ಣಕ್ಷರ. ಆ ಬೇರು ಹಸಿಯದೋ ಒಣದೋ ಎಂದು ಹೇಳದಿದ್ದರೆ ಲೆಕ್ಕ ಐದು ಪಟ್ಟು ಆಚೀಚೆ ಆಗುತ್ತದೆ. ನೋಡಬೇಕಾದ ಸಾಲು ಬೇರೆ: ಜಿಂಜೆರಾಲ್ ಶೇಕಡಾ ಎಷ್ಟು? ಶೇಕಡಾ 5 ಇರುವ 250 ಮಿ.ಗ್ರಾಂ. ಸಾರದಲ್ಲಿ 12.5 ಮಿ.ಗ್ರಾಂ. ಇದ್ದಂತಾಯಿತು. ಶೇಕಡಾವಾರು ಬರೆಯದ ಸಾರದ ಗುಳಿಗೆಯನ್ನು ಕೊಳ್ಳುವುದು ಬೇಡ. ಹೀರಿಕೆ ಹೆಚ್ಚಲಿ ಎಂದು ಕಾಳುಮೆಣಸಿನ ಪೈಪರೀನ್ ಸೇರಿಸಿದವೂ ಇವೆ. ಪೈಪರೀನ್ ಶುಂಠಿಯೊಂದನ್ನೇ ಆಯ್ದು ಹೀರಿಸುವುದಿಲ್ಲ, ಜೊತೆಗೆ ನುಂಗುವ ಬೇರೆ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಹುದು. ದಿನವೂ ಮಾತ್ರೆ ನುಂಗುವವರು ಈ ಬಗೆಯಿಂದ ದೂರವಿರಬೇಕು.

ಗುಳಿಗೆಯ ಒಂದು ದೋಷ: ಗುಟುಕು ನೀರಿನಲ್ಲಿ ನುಂಗಿದರೆ ಅನ್ನನಾಳದಲ್ಲಿಯೋ ಜಠರದ ಒಂದೇ ಮೂಲೆಯಲ್ಲಿಯೋ ಒಡೆದು, ಅಲ್ಲಿ ಉರಿ, ಖಾರದ ತೇಗು. ಪೂರ್ತಿ ಲೋಟ ನೀರು ಕುಡಿಯಿರಿ, ನುಂಗಿದ ಕೂಡಲೇ ಮಲಗಬೇಡಿ.

ಟೀ ಚೀಲ, ತೈಲ, ಸಿದ್ಧ ಮಿಶ್ರಣ

ಟೀ ಚೀಲದಲ್ಲಿ ಸಾಮಾನ್ಯವಾಗಿ ಒಂದೂವರೆ, ಎರಡು ಗ್ರಾಂ ಸರಕು ಇರುತ್ತದೆ, ಅದರಲ್ಲೂ ಹಲವು ಕಡೆ ಶುಂಠಿಯ ಜೊತೆ ಬೇರೆ ಎಲೆ, ಚಕ್ಕೆ ಸೇರಿರುತ್ತವೆ. ಖಾರದ ಅಂಶಗಳು ನೀರಿನಲ್ಲಿ ಕರಗಲು ಒಲ್ಲವು. ಕೊಬ್ಬಿಗೆ, ಮದ್ಯಸಾರಕ್ಕೆ ಒಲಿಯುತ್ತವೆ. ಐದು ನಿಮಿಷ ಅದ್ದಿ ತೆಗೆದ ಚೀಲದಲ್ಲಿ ಮದ್ದಿನ ದೊಡ್ಡ ಪಾಲು ಉಳಿದೇ ಹೋಗುತ್ತದೆ. ಗಂಟಲು ಬೆಚ್ಚಗಾಗಲು ಕುಡಿಯಿರಿ. ಚೀಲ ಕತ್ತರಿಸಿ ಪುಡಿಯನ್ನೇ ಲೋಟಕ್ಕೆ ಸುರಿದು ತಳದ ಮಡ್ಡಿ ಸಮೇತ ಕುಡಿದರೆ ಸ್ವಲ್ಪ ಲಾಭ.

ತೈಲದ ಕತೆ ಇದಕ್ಕೆ ತಿರುವುಮುರುವು. ಹಬೆಯಲ್ಲಿ ಬಟ್ಟಿ ಇಳಿಸುವಾಗ ಮೇಲೆ ಬರುವುದು ಹಾರುವ ಎಣ್ಣೆ ಮಾತ್ರ. ಜಿಂಜೆರಾಲ್, ಶೋಗಾಲ್ ಹಾರುವುದಿಲ್ಲ, ಪಾತ್ರೆಯ ತಳದಲ್ಲೇ ಉಳಿಯುತ್ತವೆ. ಶುಂಠಿಯ ತೈಲ ಮೂಗಿಗೆ ಶುಂಠಿಯೇ, ನಾಲಿಗೆಗೆ ಮಾತ್ರ ಖಾರವಿಲ್ಲ. ವಾಕರಿಕೆಗೆ ಮೂಸಿ ನೋಡುವವರು ಇದ್ದಾರೆ, ಅದರಲ್ಲಿ ಕೆಡುಕಿಲ್ಲ. ಕುಡಿಯಬಾರದು, ಚರ್ಮಕ್ಕೆ ನೇರವಾಗಿ ಹಚ್ಚಲೂಬಾರದು. ಘಮ, ಖಾರ ಎರಡೂ ಬೇಕಾದರೆ ಅದು ಓಲಿಯೊರೆಸಿನ್. ದ್ರಾವಕದಲ್ಲಿ ತೆಗೆದ ದಪ್ಪ ಕಂದು ಅಂಟು, ಕಾರ್ಖಾನೆಯ ಕಚ್ಚಾಮಾಲು, ಮನೆಯ ಅಳತೆಗೆ ಸಿಗುವಂಥದ್ದಲ್ಲ.

ಸಿದ್ಧ ಮಿಶ್ರಣಗಳಲ್ಲಿ ತ್ರಿಕಟು ಒಂದನ್ನು ಗೌರವದಿಂದ ಕಾಣುತ್ತೇವೆ: ಶುಂಠಿ, ಕಾಳುಮೆಣಸು, ಹಿಪ್ಪಲಿ ಮೂರೂ ಸಮತೂಕ. ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ ಮೂರರ ಪ್ರಮಾಣ ಸಮವಿದೆಯೇ ನೋಡಿ. ಹಿಪ್ಪಲಿ ದುಬಾರಿ, ಕಡಿತ ಬೀಳುವುದು ಅದಕ್ಕೇ. ಮೇಲೆ ಹೇಳಿದ ಪೈಪರೀನ್ ಎಚ್ಚರಿಕೆ ಇದಕ್ಕೂ ಅನ್ವಯ, ಏಕೆಂದರೆ ಮೆಣಸು, ಹಿಪ್ಪಲಿ ಎರಡರಲ್ಲೂ ಅದಿದೆ. ಬೆಲ್ಲ ಅಥವಾ ಸಕ್ಕರೆ ಬೆರೆಸಿದ ಕಷಾಯದ ಪುಡಿಗಳಲ್ಲಿ ಮೊದಲ ಹೆಸರು ಸಕ್ಕರೆಯದೇ ಆಗಿದ್ದರೆ ಅದನ್ನು ಮಿಠಾಯಿಯ ಸಾಲಿಗೆ ಸೇರಿಸಿ.

ಬಳಸುವ ಅಳತೆ

ತಲೆ ಸಮ ಮಾಡಿದ ಒಂದು ಟೀ ಚಮಚೆ ಒಣಶುಂಠಿ ಪುಡಿಯ ತೂಕ ಸುಮಾರು 1.8 ಗ್ರಾಂ. ಗೋಪುರ ಕಟ್ಟಿದ ಚಮಚೆ ಇದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಎದೆಯುರಿಯ ದೂರುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ. ಆಯುರ್ವೇದದ ರೂಢಿಯಲ್ಲಿ ದೊಡ್ಡವರಿಗೆ ದಿನಕ್ಕೆ 1ರಿಂದ 2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಔಷಧಸಸ್ಯ ವಿವರಣೆಯಲ್ಲಿ ಅಜೀರ್ಣಕ್ಕೆ ದಿನಕ್ಕೆ 2ರಿಂದ 4 ಗ್ರಾಂ, ಪ್ರಯಾಣದ ವಾಕರಿಕೆಗೆ ಅರ್ಧ ಗ್ರಾಂನಂತೆ ದಿನಕ್ಕೆ 2ರಿಂದ 4 ಸಲ. ಪುಡಿಯನ್ನೇ ನುಂಗುವುದಾದರೆ ಕಾಲು ಚಮಚೆಯಿಂದ ಶುರು ಮಾಡಿ, ದಿನಕ್ಕೆ ಒಂದು ಚಮಚೆಯಲ್ಲಿ ನಿಲ್ಲುವುದು ಮನೆಮದ್ದಿಗೆ ಕ್ಷೇಮ.

ಊಟವಾದ ಮೇಲೆ ಹೊಟ್ಟೆ ಕಲ್ಲಿನಂತೆ ಕೂತಿದ್ದರೆ, ತೇಗು ಬಾರದೆ ಉಬ್ಬರಿಸಿದ್ದರೆ ಕಾಲು ಚಮಚೆ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಮಡ್ಡಿ ಸಮೇತ ಕುಡಿಯಿರಿ. ಇದು ಬರೀ ನಂಬಿಕೆಯಲ್ಲ, 1.2 ಗ್ರಾಂ ಶುಂಠಿ ಜಠರ ಖಾಲಿಯಾಗುವ ವೇಗ ಹೆಚ್ಚಿಸಿದ್ದನ್ನು ಆರೋಗ್ಯವಂತರ ಮೇಲೆ ಅಳೆದು ನೋಡಿದ್ದಾರೆ. ಮುಟ್ಟಿನ ಹೊಟ್ಟೆನೋವಿನ ಪ್ರಯೋಗಗಳಲ್ಲಿ ಬಳಸಿದ್ದು ಮೊದಲ 3ರಿಂದ 4 ದಿನ, ದಿನಕ್ಕೆ 750 ಮಿ.ಗ್ರಾಂ.ನಿಂದ 2 ಗ್ರಾಂ. ನೋವು ಹೆಚ್ಚಾದ ಮೇಲೆ ಹಿಡಿಯುವುದಕ್ಕಿಂತ ಮೊದಲ ದಿನವೇ ಶುರು ಮಾಡಬೇಕು. ಕೀಲುನೋವಿಗೆ ಫಲ ಇದೆ, ತೀರಾ ಅಲ್ಪ. ತೂಕ ಇಳಿಸುತ್ತದೆ ಎನ್ನುವ ಡಬ್ಬಿಗಳ ಮಾತನ್ನು ಡಬ್ಬಿಯಲ್ಲೇ ಬಿಡಿ.

ಕಷಾಯಕ್ಕೆ ಒಂದಕ್ಕೆ ಹದಿನಾರು ನೀರು, ಕಾಲುಭಾಗಕ್ಕೆ ಬತ್ತಿಸುವುದು ಆಯುರ್ವೇದದ ಸೂತ್ರ: 5 ಗ್ರಾಂ ತರಿಗೆ 80 ಮಿ.ಲೀ. ನೀರು, 20 ಮಿ.ಲೀ. ಆಗುವವರೆಗೆ ಸಣ್ಣ ಉರಿ. ಸೋಸಿ, ಎರಡು ಹೊತ್ತಿಗೆ ಹಂಚಿ, ಬಿಸಿನೀರು ಬೆರೆಸಿ ಕುಡಿಯುವುದು. ಇಲ್ಲಿ ಎರಡು ತಪ್ಪು ಸಾಮಾನ್ಯ. ನುಣುಪು ಪುಡಿ ಹಾಕಿದರೆ ಪಿಷ್ಟ ಬೆಂದು ಗಂಜಿಯಾಗುತ್ತದೆ, ತಳ ಹಿಡಿಯುತ್ತದೆ, ಬಟ್ಟೆಯಲ್ಲಿ ಸೋಸಲೂ ಬರುವುದಿಲ್ಲ. ಅದಕ್ಕೇ ತರಿ ಬೇಕೆಂದಿದ್ದು. ಅಗಲ ಬಾಯಿಯ ಪಾತ್ರೆ ಇಟ್ಟರೆ ಐದೇ ನಿಮಿಷದಲ್ಲಿ ನೀರು ಆರಿ ಸಾರ ಇಳಿಯಲು ಸಮಯ ಸಿಗುವುದಿಲ್ಲ. ಕಿರಿದಾದ ಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು.

ಕೆಮ್ಮಿಗೆ ಕಾಲು ಚಮಚೆ ಪುಡಿಯನ್ನು ಒಂದು ಚಮಚೆ ಜೇನಿನಲ್ಲಿ ಕಲಸಿ ನಿಧಾನವಾಗಿ ನೆಕ್ಕುವುದು, ಒಮ್ಮೆಗೇ ನುಂಗಬಾರದು. ಗಂಟಲಿಗೆ ತಾಗುತ್ತಾ ಇಳಿಯುವುದರಲ್ಲೇ ಅದರ ಉಪಯೋಗ. ಬಿಸಿ ಕಷಾಯಕ್ಕೆ ಜೇನು ಬೆರೆಸಬಾರದು ಎನ್ನುವುದು ಆಯುರ್ವೇದದ ನಿಯಮ, ಆರಿದ ಮೇಲೆ ಸೇರಿಸಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಕೂಡದು, ಬೊಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆಯ ಅಪಾಯವಿದೆ.

ತಲೆನೋವಿಗೆ ಕೊಂಬನ್ನು ತೇಯುವ ಕಲ್ಲಿನಲ್ಲಿ ನೀರು ಹಾಕಿ ತೇದು ಹಣೆಗೆ ಹಚ್ಚುವ ಪಟ್ಟಿಗೆ ಸುಣ್ಣದ ಕೊಂಬು ಬೇಡ. ತೆಳುವಾಗಿ ಹಚ್ಚಿ, ಹತ್ತು ನಿಮಿಷಕ್ಕೆ ಒರೆಸಿಬಿಡಿ. ಒಣಗಿ ಬಿರಿಯುವವರೆಗೆ ಬಿಟ್ಟರೆ ಚರ್ಮ ಕೆಂಪಾಗಿ, ಕೆಲವರಿಗೆ ಗುಳ್ಳೆ ಏಳುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಬೆವರಿನ ಜೊತೆ ಕಣ್ಣಿಗಿಳಿದರೆ ತಲೆನೋವೇ ಹಿತವೆನಿಸುತ್ತದೆ.

ಯಾರು ಕೊಳ್ಳಬಾರದು

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ವಾರ್ಫರಿನ್ ತೆಗೆದುಕೊಳ್ಳುವವರಂತೂ, ವೈದ್ಯರನ್ನು ಕೇಳದೆ ಮದ್ದಿನ ಪ್ರಮಾಣಕ್ಕೆ ಕೈಹಾಕಬಾರದು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಶುಂಠಿಯ ಗುಳಿಗೆ ನುಂಗುತ್ತಿರುವುದನ್ನು ಮೊದಲೇ ತಿಳಿಸಿ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಬೇಡ, ಶುಂಠಿ ಪಿತ್ತರಸದ ಹರಿವನ್ನು ಹೆಚ್ಚಿಸುತ್ತದೆ, ಕಲ್ಲು ಜರುಗಿ ನಾಳಕ್ಕೆ ಅಡ್ಡ ಬಿದ್ದರೆ ತುರ್ತು ಚಿಕಿತ್ಸೆಯೇ ಗತಿ. ಹೊಟ್ಟೆಹುಣ್ಣು, ಹುಳಿತೇಗು, ಎದೆಯುರಿ ಇರುವವರಿಗೂ ಹೊಂದದು; ಆಯುರ್ವೇದವೂ ಪಿತ್ತಪ್ರಕೃತಿಯವರಿಗೆ, ರಕ್ತಪಿತ್ತ (ರಕ್ತಸ್ರಾವದ ಕಾಯಿಲೆ) ಇರುವವರಿಗೆ ಇದನ್ನು ನಿಷೇಧಿಸುತ್ತದೆ. ಬಸುರಿಯರ ವಾಂತಿಗೆ ಶುಂಠಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಪ್ರಮಾಣ ದಿನಕ್ಕೆ ಒಟ್ಟು 1 ಗ್ರಾಂ, 250 ಮಿ.ಗ್ರಾಂ.ನಂತೆ ನಾಲ್ಕು ಸಲ. ಅದಕ್ಕಿಂತ ಮೇಲೆ ಹೋಗಬಾರದು, ಅಷ್ಟನ್ನೂ ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ನೀರೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ, ರಕ್ತ ಬೆರೆತ ವಾಂತಿ ಅಥವಾ ಭೇದಿ, ಜ್ವರದ ಜೊತೆ ಬಿಡದ ಹೊಟ್ಟೆನೋವು ಇದ್ದರೆ ಡಬ್ಬಿ ತೆರೆಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.